ಹುಣಸೂರಿನಲ್ಲಿ ಕೆತ್ತಿದ ಮೈಸೂರು

ಮೂವತ್ತೆರಡು ವರ್ಷ ನಾನು ಹುಣಸೂರಿನಲ್ಲಿ ಕೂತು ಮೈಸೂರಿನ ಕಟ್ಟಡಗಳ ಪಟ ಮಾಡಿದೆ. ಅದರಲ್ಲಿ ಮೊದಲ ಎಂಟು ವರ್ಷ ನಾನು ಮೈಸೂರನ್ನು ಕಣ್ಣಿಂದ ನೋಡಿರಲೇ ಇಲ್ಲ. ಹೀಗೆಂದರೆ ನಮ್ಮೂರ ಮಹಿಳಾ ಸಮಾಜದಲ್ಲಿ ಚಿತ್ರ ಬರೆಯಲು, ಅಚ್ಚು ಕೆತ್ತಲು ಕಲಿಯುತ್ತಿರುವ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. "ಅದ್ ಹೆಂಗಜ್ಜಿ?" ಎನ್ನುತ್ತಾರೆ. ಹೇಗೆಂದು ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಸಣ್ಣ ಗೆರೆ ಕಣ್ಣಿಗೆ ಹತ್ತುವುದಿಲ್ಲ, ಅಕ್ಷರ ದಪ್ಪಗೆ ಬರೆದರೆ ಕಾಣುತ್ತದೆ.

ನನ್ನ ತವರು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿ. ಹದಿನೈದು ತುಂಬಿದಾಗ ಹುಣಸೂರಿಗೆ ಸೊಸೆಯಾಗಿ ಬಂದೆ. ನಮ್ಮ ಯಜಮಾನರು ನಂಜುಂಡಾಚಾರ್ರದು ಮರಗೆಲಸದ ಮನೆ. ಅಣ್ಣತಮ್ಮಂದಿರೆಲ್ಲ ಗಾಡಿ ಕಟ್ಟುತ್ತಿದ್ದರೆ ಇವರೊಬ್ಬರು ಮಾತ್ರ ಮೊಳದಗಲದ ಹಲಗೆ ಮುಂದಿಟ್ಟುಕೊಂಡು, ಸೂಜಿಯಂಥ ಉಳಿ ಹಿಡಿದು, ದಿನಗಟ್ಟಲೆ ಗೆರೆ ಕೆತ್ತುತ್ತಿದ್ದರು. ಪೇಟೆಬೀದಿಯಲ್ಲಿ ಶಾಮಣ್ಣನವರ ಅಚ್ಚುಕೂಟ ಇತ್ತು. ಲಗ್ನಪತ್ರಿಕೆ, ರಶೀದಿ ಪುಸ್ತಕ ಅಚ್ಚು ಹಾಕುವುದು ಅವರ ಕಸುಬು. ಮೈಸೂರಿನ ಕಟ್ಟಡಗಳ ಪಟ ಮಾಡುವುದು ಅವರ ಹುಚ್ಚು. ಅವರು ಮೈಸೂರಿಗೆ ಹೋಗಿ ಕಟ್ಟಡವನ್ನು ಕಾಗದದ ಮೇಲೆ ಬರೆದುಕೊಂಡು ಬರುವರು. ನಮ್ಮವರು ಅದರ ಗೆರೆಗಳನ್ನು ಎತ್ತರಕ್ಕೆ ಉಳಿಸಿ, ಸುತ್ತಲಿನ ಮರವನ್ನು ಕೆತ್ತಿ ತೆಗೆಯುವರು. ಕೆತ್ತಿದ ಅಚ್ಚಿಗೆ ಮಸಿ ಸವರಿ ಕಾಗದ ಒತ್ತಿದರೆ ಕಪ್ಪು ಗೆರೆಯ ಕಟ್ಟಡ ಮೂಡುವುದು. ಆ ಗೆರೆಗಳ ನಡುವೆ ಕುಂಚದಲ್ಲಿ ಬಣ್ಣ ತುಂಬುವ ಕೆಲಸ, ನಾನು ಮದುವೆಯಾಗಿ ಬಂದ ವರ್ಷವೇ, ನನ್ನ ಪಾಲಿಗೆ ಬಂತು.

ಶಾಮಣ್ಣನವರು ನನಗೆ ಕಲಿಸಿದ್ದು ಒಂದೇ ಮಾತು. "ಗೆರೆ ದಾಟಬೇಡ ಗೌರಮ್ಮ. ಗೆರೆಯ ಒಳಗೆ ಏನು ಬೇಕಾದರೂ ಮಾಡು." ಅವರಿಗೆ ಬಣ್ಣದ ಮೇಲೆ ಅಂಥ ಲಕ್ಷ್ಯವಿರಲಿಲ್ಲ. ಅವರ ಪ್ರಾಣವೆಲ್ಲ ಕಿಟಕಿಗಳ ಮೇಲೆ. ಮೈಸೂರಿಗೆ ಹೋದರೆ ರಸ್ತೆಯ ನಡುವೆ ನಿಂತು, ಕತ್ತು ಎತ್ತಿ, ಬೆರಳು ಮಡಿಸುತ್ತಾ ಕಿಟಕಿ ಎಣಿಸುತ್ತಿದ್ದರಂತೆ. ಜಟಕಾದವರು ಬೈದುಕೊಂಡು ಸುತ್ತಿ ಹೋಗುತ್ತಿದ್ದರಂತೆ. ಒಂದು ಸಲ ನಮ್ಮವರು ಅಂದಕ್ಕೆಂದು ಒಂದು ಕಿಟಕಿ ಹೆಚ್ಚು ಕೆತ್ತಿದ್ದಕ್ಕೆ ಆ ಅಚ್ಚನ್ನೇ ಬದಿಗಿಟ್ಟರು. "ಆಚಾರ್ರೇ, ಆ ಕಿಟಕಿಯ ಹಿಂದೆ ಯಾರೋ ಇರ್ತಾರೆ ಅಂತ ನೋಡೋನು ನಂಬ್ತಾನೆ. ಇಲ್ಲದ ಮನುಷ್ಯನ್ನ ಅಲ್ಲಿ ಕೂರಿಸೋಕೆ ನೀವ್ಯಾರು?" ಎಂದರು.

ಬಣ್ಣದ ವಿಷಯದಲ್ಲಿ ನನ್ನನ್ನು ತಡೆಯುವವರು ಇರಲಿಲ್ಲವಲ್ಲ, ನನ್ನ ಮೊದಲ ದೊಡ್ಡ ತಪ್ಪು ಅಲ್ಲೇ ಆಯಿತು. ಆಗ ಮೈಸೂರಿನಲ್ಲಿ ಹೊಸ ಅರಮನೆ ಇನ್ನೂ ಏಳುತ್ತಿತ್ತು. ಗುಮ್ಮಟಗಳಿಗೆ ಬೊಂಬು ಕಟ್ಟಿದ್ದರು. ಮುಗಿದ ಮೇಲೆ ಹೇಗಿರುತ್ತದೆಂದು ಅವರಿವರನ್ನು ಕೇಳಿ ಶಾಮಣ್ಣನವರು ಪಟ ಬರೆದರು. ಗುಮ್ಮಟಕ್ಕೆ ಯಾವ ಬಣ್ಣವೋ ನನಗೆ ಹೇಳುವವರಿಲ್ಲ. ನಾನು ಹತ್ತಿರದಿಂದ ಕಂಡ ಗುಮ್ಮಟವೆಂದರೆ ನಮ್ಮೂರ ದರ್ಗಾದ್ದು ಒಂದೇ, ಅದು ಹಸಿರು. ನಾನೂ ಎಳೆಹಸಿರು ಬಳಿದೆ. ನೋಡಲು ತಂಪಾಗಿತ್ತು. ಪಿರಿಯಾಪಟ್ಟಣ, ಸರಗೂರಿನ ಸಂತೆಗಳಲ್ಲಿ ಜನ ಮುಗಿಬಿದ್ದು ತೆಗೆದುಕೊಂಡರು. ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕ ನನ್ನ ಹಸಿರು ಅರಮನೆ ನಿಂತಿತು.

ಎಂಟನೆಯ ವರ್ಷ ನಮ್ಮವರು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಗಾಡಿ ಇಳಿದು, ಜನರ ನಡುವೆ ನುಸುಳಿ, ಅರಮನೆಯ ಮುಂದೆ ನಿಂತೆ. ಗುಮ್ಮಟಗಳು ಕೆಂಪು! ದಾಸವಾಳ ಬಾಡುವಾಗಿನ ಕೆಂಪು. ನಮ್ಮವರ ಕಡೆ ತಿರುಗಿದೆ.

"ನಿಮ್ಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು ಕಣಮ್ಮಿ," ಎಂದರು ನಮ್ಮವರು.

"ಯಾಕೆ ಹೇಳ್ನಿಲ್ಲ?"

"ನೀನು ಆ ಹಸ್ರು ಬಳಿಯೋವಾಗ ಹಾಡ್ಕೊಂಡು ಬಳೀತೀಯ. ಬ್ಯಾರೆ ಬಣ್ಣಕ್ಕೆ ಹಾಡಾಕಿಲ್ಲ. ಅದ್ಕೇ ಸುಮ್ನಿದ್ದೆ."

ನನಗೆ ಕೋಪವೂ ಬಂತು, ನಗುವೂ ಬಂತು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಉಳಿಯ ಸದ್ದು, ನನ್ನ ಹಾಡು, ಅಷ್ಟೇ. ಅದನ್ನು ನಿಲ್ಲಿಸುವುದು ಅವರಿಗೆ ಬೇಕಿರಲಿಲ್ಲವೆಂದು ಕಾಣುತ್ತದೆ.

ಊರಿಗೆ ಬಂದ ಮೇಲೆ ಗುಮ್ಮಟಕ್ಕೆ ಕೆಂಪು ಬಳಿದೆ. ಪಿರಿಯಾಪಟ್ಟಣದ ಸಂತೆಗೆ ನಮ್ಮವರ ಜೊತೆ ನಾನೂ ಹೋಗಿದ್ದೆ. ಹೆಂಗಸೊಬ್ಬಳು ಪಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದ್ಯಾವೂರ ಅರಮನೆ ಕಣ್ರೀ? ನಮ್ಮನೇಲಿ ಅದೆ ಮೈಸೂರಿಂದು, ಅದು ಅಸ್ರು," ಎಂದಳು. ನಿಜ ಹೇಳಿದೆ. ಅವಳು ನಂಬಲಿಲ್ಲ. "ನಮ್ಮತ್ತೆ ಕಾಲ್ದಿಂದ ಗ್ವಾಡೆ ಮ್ಯಾಲದೆ, ಅದು ಸುಳ್ಳಾ?" ಎಂದು ಕೇಳಿ ಎದ್ದುಹೋದಳು. ಆಮೇಲೂ ಎರಡು ವರ್ಷ ಪಿರಿಯಾಪಟ್ಟಣದವರಿಗೆಂದೇ ಹಸಿರು ಗುಮ್ಮಟ ಬಳಿಯಬೇಕಾಯಿತು. ಹುಡುಗಿಯರೇ, ಅದಕ್ಕೇ ಹೇಳುತ್ತೇನೆ, ಮೊದಲ ಹಾಳೆಗೆ ಬಣ್ಣ ಹಾಕುವ ಮುನ್ನ ಎದ್ದು ಹೋಗಿ ನೋಡಿಕೊಂಡು ಬನ್ನಿ. ಒಮ್ಮೆ ಜನರ ಗೋಡೆಗೆ ಹತ್ತಿದ ತಪ್ಪನ್ನು ಇಳಿಸಲು ನಿಮ್ಮಿಂದ ಆಗುವುದಿಲ್ಲ.

ನೋಡಿಬಂದ ಮೇಲೂ ಒಂದು ತಪ್ಪು ಮಾಡಿದ್ದೇನೆ, ಅದನ್ನು ತಿದ್ದಲಿಲ್ಲ. ಸರಗೂರಿನ ಹತ್ತಿರದ ಸಿದ್ದೇಗೌಡರೆಂಬವರು ಸಂತೆಯಲ್ಲಿ ಮೈಸೂರು ದೊಡ್ಡಾಸ್ಪತ್ರೆಯ ನಮ್ಮ ಪಟ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದರು. ಅವರ ಮಗಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಹೆರಿಗೆ ಮಾಡಿಸುವ ಕೆಲಸ ಕಲಿಯಲು ಆ ಆಸ್ಪತ್ರೆಗೆ ಹೋಗಿದ್ದಳು. ಊರಿನವರು ಆಡಿಕೊಂಡರೂ ಇವರೇ ಕಳಿಸಿದ್ದರು.

"ನೋಡವ್ವ, ನನ್ ಮಗಳು ಇದ್ರಲ್ಲಿ ಯಾವ್ ಕಿಟ್ಕೀಲವಳೆ?" ಎಂದರು.

ನನಗೇನು ಗೊತ್ತು? ಆದರೆ ಆ ಮುಖ ನೋಡಿ ಗೊತ್ತಿಲ್ಲವೆನ್ನಲು ಬಾಯಿ ಬರಲಿಲ್ಲ. ಬಣ್ಣದ ಪೆಟ್ಟಿಗೆ ಜೊತೆಯಲ್ಲೇ ಇತ್ತು. ಮಹಡಿಯ ಮೂರನೇ ಕಿಟಕಿಗೆ ಹಳದಿ ಹಚ್ಚಿ, "ದೀಪ ಹಚ್ಕೊಂಡು ಓದ್ತಾವಳೆ ನೋಡಿ ಗೌಡ್ರೆ," ಎಂದೆ. ಅವರು ಪಟವನ್ನು ಮಡಿಸಲಿಲ್ಲ, ಎದೆಗೆ ಒತ್ತಿಕೊಂಡು ನಡೆದರು.

ಮೂರು ವರ್ಷ ಕಳೆದು ಆ ಮಗಳೇ ನಮ್ಮ ಮನೆ ಹುಡುಕಿಕೊಂಡು ಬಂದಳು. ಅಚ್ಚ ಬಿಳಿ ಸೀರೆ, ಕೈಯಲ್ಲಿ ಚೀಲ. ನಾನು ಹೆದರಿ ತಪ್ಪೊಪ್ಪಿಕೊಂಡೆ. ಅವಳು ನಕ್ಕಳು. "ನಾವಿದ್ದದ್ದು ಹಿಂದಿನ ಕಟ್ಟಡದಲ್ಲಿ ಗೌರಮ್ಮ. ರಸ್ತೆಗೆ ಕಾಣೋದೇ ಇಲ್ಲ. ಅಪ್ಪ ದಿನಾ ಬೆಳಗ್ಗೆ ಆ ಕಿಟಕಿಗೆ ಹೇಳಿ ಗದ್ದೆಗೆ ಹೋಗ್ತಾರಂತೆ. ನೀವು ನಿಜ ಹೇಳ್ಬಿಡ್ತೀರೇನೋ ಅಂತ ಬಂದೆ. ಹೇಳಬೇಡಿ," ಎಂದಳು. ಇದನ್ನು ಶಾಮಣ್ಣನವರಿಗೆ ನಾನು ಕೊನೆಯವರೆಗೂ ತಿಳಿಸಲಿಲ್ಲ. ಇಲ್ಲದ ಮನುಷ್ಯಳನ್ನು ಕಿಟಕಿಯಲ್ಲಿ ಕೂರಿಸಿದ್ದೆನಲ್ಲ!

ಇನ್ನು ನಾನು ಕೆತ್ತನೆಗೆ ಬಂದದ್ದು ಹೇಗೆಂದು ಹೇಳಬೇಕು. ನನ್ನ ಕೆಲಸದ ಹನ್ನೆರಡನೆಯ ವರ್ಷ, ಒಂದು ಬೆಳಗ್ಗೆ ನಮ್ಮವರು ಉಳಿ ಹಿಡಿಯಲು ಹೋದರು. ಉಳಿ ಕೈಯಿಂದ ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು. ನನ್ನ ಮುಖ ನೋಡಿ ಏನೋ ಹೇಳಲು ಹೋದರು, ಬಾಯಿ ಒಂದು ಕಡೆ ಎಳೆಯಿತು. ಲಕ್ವ ಹೊಡೆದಿತ್ತು. ಪಂಡಿತರು ಬಂದರು, ಎಣ್ಣೆ ತಿಕ್ಕಿದೆವು. ಎರಡು ತಿಂಗಳಿಗೆ ಮಾತು ಬಂತು, ಕಾಲು ಬಂತು. ಬಲಗೈ ಮಾತ್ರ ಬರಲಿಲ್ಲ.

ಅಚ್ಚುಕೂಟದಲ್ಲಿ ಮೈಸೂರಿನ ಚಿಕ್ಕ ಗಡಿಯಾರ ಗೋಪುರದ ಅಚ್ಚು, ಮಾರ್ಕೆಟ್ಟಿನ ಅಚ್ಚು ಬಾಕಿ ಇದ್ದವು. ಶಾಮಣ್ಣನವರಿಗೆ ಜ್ವರವೆಂದು ಹೇಳಿ ಕಳಿಸಿದ್ದೆವು. ಕೈ ಹೋಗಿದೆಯೆಂದು ಗೊತ್ತಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ ಎಂದು ಇಬ್ಬರಿಗೂ ಅಂಜಿಕೆ. ಊಟಕ್ಕೆ ಗತಿಯಿಲ್ಲವೆಂದಲ್ಲ, ಭಾವಂದಿರು ಹಾಕುತ್ತಿದ್ದರು. ಆದರೆ ನಮ್ಮವರು ಗೋಡೆಗೆ ಒರಗಿ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಉಳಿಗಳ ಪೆಟ್ಟಿಗೆಯನ್ನೇ ನೋಡುತ್ತಾ ಕೂರುತ್ತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಒಂದು ದಿನ ಅವರ ಮುಂದೆ ಹಲಗೆ ತಂದಿಟ್ಟು, ಉಳಿಯನ್ನು ನಾನೇ ಹಿಡಿದೆ. "ನಿಮ್ ಬಾಯಿ ಅದೆ, ನನ್ ಕೈ ಅದೆ. ಹೇಳಿ," ಎಂದೆ.

ಹದಿನೈದು ದಿನ ಬರೀ ನೇರ ಗೆರೆ. ಕಂಬ, ಕಂಬ, ಕಂಬ. ಉಳಿ ಜಾರಿ ನನ್ನ ಎಡಗೈ ಬೆರಳುಗಳಲ್ಲೆಲ್ಲ ಗಾಯ. ಅವರು ತಮ್ಮ ಎಡಗೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಡುತ್ತಿದ್ದರು. ಒತ್ತುತ್ತಿರಲಿಲ್ಲ, ಸುಮ್ಮನೆ ಇಡುತ್ತಿದ್ದರು. ನಾನು ಅವಸರ ಮಾಡಿದರೆ ಆ ಕೈ ಸ್ವಲ್ಪ ಭಾರವಾಗುತ್ತಿತ್ತು. "ಓಡಿಸ್ಬ್ಯಾಡ ಕಣಮ್ಮಿ. ಉಳೀನ ನಡ್ಸು. ಮರದ ನಾರು ಎತ್ಲಾಗ್ ಮಲ್ಗದೆ ನೋಡ್ಕೊ, ಅದ್ರ ಜೊತೇಲಿ ಹೋಗು." ಅವರು ಹೇಳಿಕೊಟ್ಟದ್ದರಲ್ಲಿ ಇದೊಂದನ್ನು ನೀವೂ ಮರೆಯಬೇಡಿ. ಈಗ ಮರದ ಬದಲು ರಬ್ಬರಿನಂಥ ಮೆತ್ತಗಿನ ದಪ್ಪ ಹಾಳೆಯ ಮೇಲೆ ಕೆತ್ತುತ್ತೀರಿ, ಅದಕ್ಕೆ ನಾರಿಲ್ಲ. ಆದರೂ ಕೈಯನ್ನು ನಡೆಸಿ, ಓಡಿಸಬೇಡಿ.

ಹೀಗೆ ನಾನು ಕೆತ್ತಿದ ಮಾರ್ಕೆಟ್ಟಿನ ಕಮಾನಿನ ಅಚ್ಚು ನಮ್ಮವರ ಹೆಸರಲ್ಲಿ ಶಾಮಣ್ಣನವರ ಕೈ ಸೇರಿತು. ಅವರು ಕಿಟಕಿ ಎಣಿಸಿದರು, ತಲೆಯಾಡಿಸಿದರು. ಆರು ತಿಂಗಳು ಇದು ನಡೆಯಿತು. ನನಗೆ ಸ್ವಲ್ಪ ಜಂಬ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಚಿಕ್ಕ ಗಡಿಯಾರದ ಅಚ್ಚನ್ನು ನಮ್ಮವರಿಗೆ ತೋರಿಸದೆ ನಾನೊಬ್ಬಳೇ ಮಾಡಿ ಮುಗಿಸಿ ಬೆರಗುಗೊಳಿಸಬೇಕು ಎಂದುಕೊಂಡೆ.

ಪಟ ಬರೆದ ಹಾಳೆಗೆ ಎಣ್ಣೆ ಸವರಿ ತೆಳುವಾಗಿಸಿ, ಮುಖ ಕೆಳಗೆ ಮಾಡಿ ಹಲಗೆಗೆ ಅಂಟಿಸಬೇಕು. ಆಗ ಮರದಲ್ಲಿ ಎಡಬಲ ಅದಲುಬದಲಾಗಿ ಕೆತ್ತನೆಯಾಗುತ್ತದೆ, ಕಾಗದಕ್ಕೆ ಒತ್ತಿದಾಗ ಮತ್ತೆ ಸರಿಯಾಗುತ್ತದೆ. ಎಣ್ಣೆ ಹಾಳೆಯಲ್ಲಿ ಗೆರೆ ಎರಡೂ ಕಡೆ ಕಾಣುವುದರಿಂದ ಎಚ್ಚರ ತಪ್ಪುವುದು ಸುಲಭ. ನಾನು ಮುಖ ಮೇಲೆ ಮಾಡಿ ಅಂಟಿಸಿದೆ. ಇಪ್ಪತ್ತು ದಿನ ಕೆತ್ತಿದೆ. ಸೆರಗಿನಲ್ಲಿ ಸುತ್ತಿಕೊಂಡು ಅಚ್ಚುಕೂಟಕ್ಕೆ ಕೊಟ್ಟುಬಂದೆ.

ಮಾರನೆಯ ದಿನ ಶಾಮಣ್ಣನವರೇ ನಮ್ಮ ಮನೆಗೆ ಬಂದರು. ಎಂದೂ ಬಂದವರಲ್ಲ. ಕೈಯಲ್ಲಿ ಒತ್ತಿದ ಹಾಳೆ. ಜಗಲಿಯ ಮೇಲೆ ಹರಡಿದರು. ಗಡಿಯಾರದ ಅಂಕಿಗಳೆಲ್ಲ ತಿರುಗುಮುರುಗು. ಮುಳ್ಳು ಹಿಂದಕ್ಕೆ ಓಡುತ್ತಿರುವ ಹಾಗೆ ಕಾಣುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಇಪ್ಪತ್ತು ವರ್ಷದಿಂದ ಆಚಾರ್ರು ಈ ತಪ್ಪು ಮಾಡಿಲ್ಲ," ಎಂದರು ನಿಧಾನವಾಗಿ. "ಎಷ್ಟು ದಿನದಿಂದ ಗೌರಮ್ಮ?"

"ಆರು ತಿಂಗಳಾಯ್ತು ಸ್ವಾಮಿ," ಎಂದೆ.

ಒಳಗಿನಿಂದ ನಮ್ಮವರು ಗೋಡೆ ಹಿಡಿದು ಬಂದರು. ಬಲಗೈಯನ್ನು ಪಂಚೆಯ ಮರೆಗೆ ಸರಿಸಲು ನೋಡಿದರು. ಶಾಮಣ್ಣನವರು ಆ ಕೈಯನ್ನು ನೋಡಿದರು, ಕಣ್ಣು ತಿರುಗಿಸಿದರು. ಹಾಳೆ ಸುತ್ತಿಕೊಂಡು, ಮೆಟ್ಟು ಮೆಟ್ಟಿಕೊಂಡು ಹೊರಟುಹೋದರು. ಮುಗಿಯಿತು ಎಂದುಕೊಂಡೆವು. ನಮ್ಮವರು ಆ ದಿನ ಊಟ ಮಾಡಲಿಲ್ಲ.

ಸಂಜೆಗೆ ಶಾಮಣ್ಣನವರ ಹೆಂಡತಿ ತಾವೇ ಬಂದು ಒಂದು ಗಂಟು ಕೊಟ್ಟರು. ಬಿಚ್ಚಿದರೆ ಒಳಗೊಂದು ಹೊಸ ಹಲಗೆ, ಅದೇ ಗಡಿಯಾರದ ಹಾಳೆ, ಜೊತೆಗೆ ಮರದ ಚೌಕಟ್ಟಿನ ಒಂದು ಕನ್ನಡಿ. "ಅವರು ಕ್ಷೌರಕ್ಕೆ ಇಟ್ಟುಕೊಂಡಿದ್ದ ಕನ್ನಡಿ ಕಣಮ್ಮ. ಕೆತ್ತುವಾಗ ಅಚ್ಚಿನ ಎದುರಿಗೆ ಇಟ್ಟುಕೋಬೇಕಂತೆ. ಕನ್ನಡೀಲಿ ಸರಿಯಾಗಿ ಕಂಡರೆ ಕಾಗದದ ಮೇಲೂ ಸರಿಯಾಗಿ ಬರುತ್ತಂತೆ. ಹೇಳು ಅಂದ್ರು," ಎಂದರು. ಅಂದಿನಿಂದ ಅಚ್ಚುಗಳು ನನ್ನ ಹೆಸರಲ್ಲೇ ಹೋದವು. ಬಣ್ಣ ತುಂಬುವ ಕೆಲಸವನ್ನು ನಮ್ಮವರು ಎಡಗೈಯಲ್ಲಿ ಕಲಿತರು. ಮೊದಮೊದಲು ಬಣ್ಣ ಗೆರೆ ದಾಟಿ ಆಚೆ ಹರಿಯುತ್ತಿತ್ತು. ಗೆರೆ ದಾಟಿದ್ದಕ್ಕೆ ಶಾಮಣ್ಣನವರು ಒಂದು ದಿನವೂ ಏನೂ ಅನ್ನಲಿಲ್ಲ. ಮೇಲಿನವರು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಸಂಜೆ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಫೋಟೋ ತೆಗೆದು, ಸತುವಿನ ತಗಡಿನ ಮೇಲೆ ಆಸಿಡ್ ಹಾಕಿ, ಒಂದೇ ದಿನದಲ್ಲಿ ಬ್ಲಾಕು ಮಾಡುವವರು ಮೈಸೂರಿಗೆ ಬಂದರು. ಬಣ್ಣವನ್ನೂ ಯಂತ್ರವೇ ಹಾಕಿದ ಪಟಗಳು ಬೊಂಬಾಯಿಯಿಂದ ಬಂದವು. ನಾನು ತಿಂಗಳು ಕೂತು ಕೆತ್ತುತ್ತಿದ್ದ ಕಮಾನು ಅದರಲ್ಲಿ ಇಟ್ಟಿಗೆ ಇಟ್ಟಿಗೆಯೂ ಕಾಣುವ ಹಾಗೆ ಬರುತ್ತಿತ್ತು. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು. ಕಿಟಕಿ ಎಣಿಸಿದೆ, ಸರಿಯಾಗಿತ್ತು. ಆದರೆ ಸಂತೆಯಲ್ಲಿ ನಮ್ಮ ಪಟ ಕೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಫೋಟೋದವರು ಹೋಗದ ಕಡೆ ಹೋಗಿ ಮಾಡುವ ಕೆಲಸ ಮಾತ್ರ ನಮಗೆ ಉಳಿಯಿತು. ಅಂಥದರಲ್ಲಿ ಒಂದನ್ನು ಹೇಳಿ ಮುಗಿಸುತ್ತೇನೆ. ನನ್ನ ಕೈಯಿಂದಾದ ಕೆಲಸಗಳಲ್ಲಿ ನಾನು ಮರೆಯದ್ದು ಇದೇ.

ಎಡತೊರೆಗೆ ಕಾವೇರಿ ನುಗ್ಗಿ ಊರು ಕುಸಿದ ಮೇಲೆ, ಅಲ್ಲಿಂದ ಸ್ವಲ್ಪ ದೂರದ ಎತ್ತರದಲ್ಲಿ ಸರ್ಕಾರದವರು ಹೊಸ ಊರು ಕಟ್ಟಿಸಿದರು. ಅದೇ ಕೃಷ್ಣರಾಜನಗರ. ನೂಲು ಹಿಡಿದ ಹಾಗೆ ನೇರ ಬೀದಿಗಳು, ಅಗಲ ರಸ್ತೆ. ಹೊಸ ಊರಿನ ಪಟ ಮಾಡಬೇಕೆಂದು ಶಾಮಣ್ಣನವರಿಗೆ ಆಸೆ. ಅವರಿಗೆ ಆಗ ಮಂಡಿನೋವು. ಬರೆದುಕೊಂಡು ಬರಲು ನನ್ನನ್ನೇ ಕಳಿಸಿದರು.

ಒಂದು ಬೀದಿಯಲ್ಲಿ ಕೂತು ಬರೆಯುತ್ತಿದ್ದಾಗ ಎದುರು ಮನೆಯ ಜಯಮ್ಮ ಎಂಬ ಹೆಣ್ಣುಮಗಳು ನೀರು ಕೊಟ್ಟಳು. ಒಳಗಿನಿಂದ ಧಡ್ ಎಂದು ಸದ್ದಾಯಿತು. ಜಯಮ್ಮ ಓಡಿದಳು. ಅವಳ ಅತ್ತೆ ದೊಡ್ಡತಾಯಮ್ಮನಿಗೆ ಕಣ್ಣು ಪೂರ್ತಿ ಹೋಗಿತ್ತು. ಹಳೆ ಮನೆಯಲ್ಲಿ ನಡುಮನೆಯಿಂದ ಎಡಕ್ಕೆ ತಿರುಗಿದರೆ ಅಡುಗೆಮನೆ. ಹೊಸ ಮನೆಯಲ್ಲಿ ಎಡಕ್ಕೆ ಗೋಡೆ. ಎರಡು ವರ್ಷವಾದರೂ ಅಜ್ಜಿಯ ಕಾಲು ಹಳೆ ಮನೆಯಲ್ಲೇ ನಡೆಯುತ್ತಿತ್ತು. ಹಣೆಯ ಮೇಲೆ ಗಾಯದ ಮೇಲೆ ಗಾಯ.

"ಏನ್ ಮಾಡ್ತಾವಳೆ ಆವಮ್ಮ?" ಎಂದು ಅಜ್ಜಿ ಕೇಳಿದರು. ಜಯಮ್ಮ ಹೇಳಿದಳು. ಅಜ್ಜಿ ನನ್ನ ಕಡೆ ಮುಖ ಮಾಡಿ, "ಮನೆ ಬರೀತೀಯಾ? ನಮ್ ಎಡತೊರೆ ಮನೆ ಬರ್ಕೊಡವ್ವ. ಬರೋ ವಾರ ಕಂಬ ಕಿತ್ಕೊಂಡು ಬತ್ತಾನಂತೆ ನನ್ ಮಗ. ಆಮ್ಯಾಕೆ ಏನೂ ಇರಾಕಿಲ್ಲ," ಎಂದರು.

ಮಾರನೆಯ ದಿನ ಜಯಮ್ಮನ ಜೊತೆ ಹಳೆ ಎಡತೊರೆಗೆ ನಡೆದೆ. ಅರ್ಧ ಗೋಡೆಗಳು, ಕೆಸರು ಒಣಗಿ ಬಿರಿದ ಅಂಗಳಗಳು. ಅಜ್ಜಿಯ ಮನೆಯ ಮಾಡು ಬಿದ್ದಿತ್ತು. ಜಗಲಿ, ಎರಡು ಕಂಬ, ಬಾಗಿಲುವಾಡ, ಎಡಕ್ಕೆ ಅಡುಗೆಮನೆಯ ಕಿಟಕಿ ನಿಂತಿದ್ದವು. ಮೇಲಿನದನ್ನು ಜಯಮ್ಮ ಹೇಳಿದ ಹಾಗೆ ಬರೆದುಕೊಂಡೆ. ಹಾಳೆ ಅಗಲವಿತ್ತು. ಅಂಚು ಬರಿದಾಗಿ ಬಿಟ್ಟರೆ ಒತ್ತುವಾಗ ಕಾಗದ ಕುಸಿದು ಮಸಿ ಮೆತ್ತುತ್ತದೆ. ಹಾಗಾಗಿ ಬಲಗಡೆ ಪಕ್ಕದ ಮನೆಯ ಬಾಗಿಲನ್ನೂ ಅರ್ಧ ಬರೆದೆ.

ಹುಣಸೂರಿಗೆ ಬಂದು ಕೆತ್ತಿ, ಅಚ್ಚು ಒತ್ತಿ, ಹಾಳೆ ಮತ್ತು ಅಚ್ಚು ಎರಡನ್ನೂ ತೆಗೆದುಕೊಂಡು ಹೋದೆ. ಅಜ್ಜಿ ಹಾಳೆಯ ಮೇಲೆ ಅಂಗೈ ಆಡಿಸಿದರು. "ಬರೀ ಕಾಗ್ದ ಕಣವ್ವ," ಎಂದರು. ಆಗ ಅಚ್ಚನ್ನೇ ಮಡಿಲಿಗೆ ಕೊಟ್ಟೆ. ಮರದಲ್ಲಿ ಗೆರೆಗಳು ಎದ್ದು ನಿಂತಿರುತ್ತವಲ್ಲ, ಬೆರಳಿಗೆ ಸಿಗುತ್ತವೆ. ಅಜ್ಜಿಯ ಮುಖ ಅರಳಿತು. ಬೆರಳು ಮೆಟ್ಟಿಲು ಹತ್ತಿತು, ಕಂಬ ಮುಟ್ಟಿತು, ಎಡಕ್ಕೆ ಹೋಯಿತು. ನಿಂತಿತು. ಬಲಕ್ಕೆ ಬಂತು.

"ಇದು ನಮ್ಮನೆ ಅಲ್ಲ. ಅಡ್ಗೆಮನೆ ಕಿಟ್ಕಿ ಬಲ್ಗಡೀಕೆ ಅದೆ," ಎಂದು ಅಚ್ಚನ್ನು ಪಕ್ಕಕ್ಕಿಟ್ಟುಬಿಟ್ಟರು.

ಅಚ್ಚಿನಲ್ಲಿ ಎಡಬಲ ಅದಲುಬದಲು ಎಂಬುದನ್ನು ನಾನೇ ಮರೆತಿದ್ದೆ. ಊರಿಗೆ ಬಂದು ನಮ್ಮವರಿಗೆ ಹೇಳಿದೆ. "ಹಾಳೇನ ಮುಖ ಮ್ಯಾಲೆ ಮಾಡಿ ಅಂಟ್ಸು," ಎಂದರು ತಟ್ಟನೆ. "ಅದ್ನ ಒತ್ತೋಕೆ ಬರಾಕಿಲ್ಲ ಅಷ್ಟೇಯ. ಆವಮ್ಮಂಗೆ ಒತ್ತೋದು ಯಾಕೆ ಬೇಕು?"

ಬೀಟೆಮರದ ಒಂದು ಹಲಗೆಯನ್ನು ಅವರೇ ಹುಡುಕಿ ತರಿಸಿದರು. ಎಡಗೈಯಲ್ಲೇ ಎಣ್ಣೆ ಸವರಿ ಅಂಚು ನಯ ಮಾಡಿದರು. ಗೆರೆಗಳನ್ನು ಎಂದಿಗಿಂತ ಆಳಕ್ಕೆ ಬಿಡಿಸಿದೆ, ಬೆರಳು ಎಡವಬಾರದೆಂದು. ಒಂದೂವರೆ ತಿಂಗಳು ಹಿಡಿಯಿತು. ಕಾಗದ ಕಾಣಬೇಕಿಲ್ಲದ ಅಚ್ಚನ್ನು ನಾನು ಕೆತ್ತಿದ್ದು ಅದೊಂದೇ.

ಈ ಸಲ ಅಜ್ಜಿಯ ಬೆರಳು ಎಡಕ್ಕೆ ಹೋಗಿ ಅಡುಗೆಮನೆಯ ಕಿಟಕಿ ಕಂಡುಕೊಂಡಿತು. ಕಂಬ, ಬಾಗಿಲು, ಮೆಟ್ಟಿಲು. ಕೊನೆಗೆ ಬಲ ಅಂಚಿಗೆ ಬಂದು ಬೆರಳು ಸರಕ್ಕನೆ ಹಿಂದೆ ಸರಿಯಿತು.

"ಇದೇನಿದು?"

"ಪಕ್ಕದ ಮನೆ ಬಾಗ್ಲು ಅಜ್ಜಿ, ಅರ್ಧ ಬಂದದೆ. ಬ್ಯಾಡ ಅಂದ್ರೆ ಚೆಕ್ಕೆ ತಗ್ದಾಕ್ತೀನಿ," ಎಂದೆ.

ಅಜ್ಜಿ ಅಚ್ಚನ್ನು ಮಡಿಲಿಗೆ ಎಳೆದುಕೊಂಡು, "ಇರ್ಲಿ ಬುಡು. ಮರ ಯಾಕ್ ಹಾಳ್ಮಾಡೀಯೆ," ಎಂದರು.

ಆರು ವರ್ಷದ ಮೇಲೆ ಜಯಮ್ಮ ಹುಣಸೂರಿಗೆ ಬಂದಳು. ಅತ್ತೆ ತೀರಿಕೊಂಡಿದ್ದರು. ಅಚ್ಚನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದಳು. ಕೂತಲ್ಲಿ ನಿಂತಲ್ಲಿ ಅತ್ತೆ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರಂತೆ. ಗೋಡೆಗೆ ಹಾಯುವುದು ನಿಂತಿತಾ ಎಂದು ಕೇಳಿದೆ. "ನಿಲ್ನಿಲ್ಲ ಅಕ್ಕ. ಹಾಯ್ದಾಗ ಬಯ್ಯೋದು ನಿಂತ್ಕೊತು," ಎಂದಳು. ಇದರಿಂದ ಒಂದು ಪಟ ಒತ್ತಿಕೊಡಿ, ಗೋಡೆಗೆ ಹಾಕಿಕೊಳ್ಳುತ್ತೇನೆ ಎಂದಳು.

"ಎಡ ಬಲಕ್ಕೆ, ಬಲ ಎಡಕ್ಕೆ ಬತ್ತದೆ ಜಯಮ್ಮ," ಎಂದೆ.

"ಬರ್ಲಿ ಬುಡಿ."

ಮಸಿ ಸ್ವಲ್ಪವೇ ಸವರಿದೆ. ನಮ್ಮವರು ಎಡಗೈಯಲ್ಲಿ ಕಾಗದದ ಮೂಲೆ ಹಿಡಿದರು, ನಾನು ಮರದ ಚಮಚದ ಬೆನ್ನಿನಿಂದ ಉಜ್ಜಿದೆ. ಕಾಗದ ಎತ್ತಿದೆವು. ಮೆಟ್ಟಿಲು, ಕಂಬ, ಕಿಟಕಿ ಎಲ್ಲ ಸ್ಪಷ್ಟವಾಗಿ ಮೂಡಿದ್ದವು. ಎಡ ಅಂಚಿನಲ್ಲಿ ಮಾತ್ರ ಬಿಳಿ. ಅರ್ಧ ಬಾಗಿಲು ಇರಬೇಕಾದ ಕಡೆ ಮಬ್ಬು ನೆರಳಿನ ಹಾಗೆ ಎರಡು ಗೆರೆ, ಅಷ್ಟೇ. ಅಚ್ಚನ್ನು ತಿರುಗಿಸಿ ಬೆಳಕಿಗೆ ಹಿಡಿದೆವು. ಅಲ್ಲಿ ಮರ ನುಣ್ಣಗೆ ಹೊಳೆಯುತ್ತಿತ್ತು. ಬೆರಳಾಡಿ ಆಡಿ ಗೆರೆಗಳೇ ಸವೆದುಹೋಗಿದ್ದವು.

ಜಯಮ್ಮ ಬಾಯಿಗೆ ಕೈ ಹಿಡಿದಳು. "ಅದು ಸಾಕಮ್ಮನ ಮನೆ ಬಾಗ್ಲು," ಎಂದಳು.

ಸಾಕಮ್ಮನೂ ಅವಳ ಅತ್ತೆಯೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ನಡುಗೋಡೆಯ ವಿಷಯಕ್ಕೆ ಜಗಳವಾಗಿ, ಹೊಳೆ ಬರುವ ಮುಂಚೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು. ಊರು ಕುಸಿದ ಮೇಲೆ ಸಾಕಮ್ಮ ಮಗಳ ಮನೆಗೆಂದು ಸಾಲಿಗ್ರಾಮಕ್ಕೆ ಹೋದರು. ಅತ್ತೆಯ ಬಾಯಲ್ಲಿ ಆ ಹೆಸರು ಒಂದು ದಿನವೂ ಬಂದಿರಲಿಲ್ಲವಂತೆ.

ಸವೆದ ಗೆರೆಗಳನ್ನು ಮತ್ತೆ ಬಿಡಿಸಿ ಸರಿಯಾದ ಪಟ ಒತ್ತಿಕೊಡಲೇ ಎಂದು ಕೇಳಿದೆ. ನಾನು ಕೇಳಿದ್ದು ಜಯಮ್ಮನನ್ನು, ಉತ್ತರ ಕೊಟ್ಟವರು ನಮ್ಮವರು. "ಅದ್ಕೆ ಉಳಿ ತಾಕಿಸ್ಬ್ಯಾಡ ಕಣಮ್ಮಿ," ಎಂದರು.

ಜಯಮ್ಮ ಕಣ್ಣೊರೆಸಿಕೊಂಡು, "ಅಕ್ಕ, ಹಂಗೇ ಇನ್ನೊಂದು ಹಾಳೆ ಒತ್ತಿ. ಸಾಕಮ್ಮ ಇನ್ನೂ ಅವ್ರೆ," ಎಂದಳು.

ಮಸಿ ಒಣಗುವವರೆಗೆ ಎರಡು ದಿನ ನಮ್ಮಲ್ಲೇ ಇದ್ದು, ಹಾಳೆ ತೆಗೆದುಕೊಂಡು ಸಾಲಿಗ್ರಾಮಕ್ಕೆ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೊಮ್ಮೆ ಬಂದಾಗ ಹೇಳಿದಳು. ಸಾಕಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಎಡಬಲ ಅದಲುಬದಲಾಗಿದ್ದರೂ ಮನೆ ಗುರುತು ಹಿಡಿದರಂತೆ. ಬಿಳಿ ಜಾಗ ಕಂಡು ಮುಖ ಸಣ್ಣಗಾಗಿ, "ನನ್ ಬಾಗ್ಲನ್ನೇ ಅಳ್ಸಾಕ್ಸವಳಾ?" ಎಂದರಂತೆ.

"ಇಲ್ಲ ಕಣತ್ತೆ. ದಿನಾ ಮುಟ್ಟಿ ಮುಟ್ಟಿ ಸವ್ದೋಯ್ತು," ಎಂದಳಂತೆ ಜಯಮ್ಮ.

ಸಾಕಮ್ಮ ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಬಹಳ ಹೊತ್ತು ಕೂತಿದ್ದರಂತೆ. ಊಟಕ್ಕೆ ಕರೆದರೆ ಏಳಲಿಲ್ಲವಂತೆ. ಜಯಮ್ಮ ಹೊರಟು ನಿಂತಾಗ ಅವಳ ಕೈ ಹಿಡಿದುಕೊಂಡು, "ಒಂದ್ ಸಲ ಕೂಗಿದ್ರೆ ಬತ್ತಿದ್ನಲ್ಲೇ, ಪಕ್ಕದ್ ಬಾಗ್ಲಲ್ಲೇ ಇದ್ನಲ್ಲೇ," ಎಂದರಂತೆ.